ನೆಟ್ಟವರ ಹೆಸರು ಗೊತ್ತು, ನೀರು ಹಾಕಿದವರದ್ದು? ಬೆಂಗಳೂರಿನ ಸಾಲುಮರಗಳ ಲೆಕ್ಕಾಚಾರ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಹೈಸ್ಕೂಲಿನ ಇತಿಹಾಸ ಪರೀಕ್ಷೆಯಲ್ಲಿ ಏನೂ ಓದದೆ ಹೋದವರಿಗೂ ಒಂದು ಮಾರ್ಕು ಗ್ಯಾರಂಟಿ ಕೊಡಿಸುತ್ತಿದ್ದ ವಾಕ್ಯ ಒಂದಿದೆ: ಅಶೋಕನು ರಸ್ತೆಯ ಎರಡೂ ಬದಿಗಳಲ್ಲಿ ಸಾಲುಮರಗಳನ್ನು ನೆಡಿಸಿದನು. ಪ್ರಶ್ನೆ ಅಶೋಕನ ಬಗ್ಗೆ ಇರಲಿ, ಇನ್ಯಾವುದೋ ರಾಜನ ಬಗ್ಗೆ ಇರಲಿ, ಉತ್ತರದಲ್ಲಿ ಸಾಲುಮರ ಅಂತೂ ಇರಲೇಬೇಕು. ಇವತ್ತು ಅದು ಮೀಮ್ ಕೂಡ ಆಗಿದೆ.

ವಾಕ್ಯ ಸುಳ್ಳೇನಲ್ಲ. ಈಗ ದೆಹಲಿಯಲ್ಲಿರುವ ಟೋಪ್ರಾ ಸ್ತಂಭದ ಮೇಲೆ 7ನೇ ಶಾಸನ ಅಂತ ಒಂದಿದೆ. ದಾರಿಯ ಬದಿಯಲ್ಲಿ ಆಲದ ಮರ ನೆಡಿಸಿದ್ದೇನೆ, ದನಕರುಗಳಿಗೂ ಮನುಷ್ಯರಿಗೂ ನೆರಳಾಗಲಿ ಅಂತ ಅಶೋಕನೇ ಅದರಲ್ಲಿ ಹೇಳಿಕೊಂಡಿದ್ದಾನೆ. ಕ್ರಿಸ್ತಪೂರ್ವ 3ನೇ ಶತಮಾನದ ಮಾತಿದು.

ಆದರೆ ಪರೀಕ್ಷೆಯಲ್ಲಿ ಮುಂದಿನ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ಗಿಡಗಳಿಗೆ ಬೇಸಿಗೆಯಲ್ಲಿ ನೀರು ಹಾಕಿದ್ದು ಯಾರು? ದನ ಬಾಯಿ ಹಾಕದ ಹಾಗೆ ಬೇಲಿ ಕಟ್ಟಿದ್ದು ಯಾರು? ಅವರಿಗೆ ಕೂಲಿ ಕೊಟ್ಟಿದ್ದು ಯಾವ ಲೆಕ್ಕದಲ್ಲಿ?

ಇವತ್ತಿನ ಸಂಚಿಕೆ ಈ ಬಿಟ್ಟುಹೋದ ಪ್ರಶ್ನೆಯ ಬಗ್ಗೆ. ಊರು ಬೆಂಗಳೂರು. ಗಾರ್ಡನ್ ಸಿಟಿ ಅಂತ ಹೆಸರು ಹೊತ್ತ ಊರಿನಲ್ಲಿ ಬೀದಿ ಮರಗಳನ್ನು ನೋಡಿಕೊಂಡವರು ಯಾರು, ದುಡ್ಡು ಎಲ್ಲಿಂದ ಬಂತು, ಆಮೇಲೆ ಆ ಜವಾಬ್ದಾರಿ ಎಲ್ಲಿ ಚದುರಿಹೋಯಿತು ಅಂತ ನೋಡೋಣ.

ಹುಲಿಕಲ್‌ನ ಲೆಕ್ಕ

ಬೆಂಗಳೂರಿಗೆ ಬರೋ ಮುಂಚೆ ಪಕ್ಕದ ಮಾಗಡಿ ತಾಲ್ಲೂಕಿಗೆ ಹೋಗಿಬರೋಣ. ಯಾಕಂದ್ರೆ ಒಂದು ಮರವನ್ನು ಸಾಕೋದಕ್ಕೆ ಏನು ಖರ್ಚಾಗುತ್ತೆ ಅನ್ನೋದು ಅಲ್ಲಿ ಸ್ಪಷ್ಟವಾಗಿ ಕಾಣುತ್ತೆ.

ಸಾಲುಮರದ ತಿಮ್ಮಕ್ಕ. 2019ರಲ್ಲಿ ಪದ್ಮಶ್ರೀ ಪಡೆದ, 2025ರ ನವೆಂಬರ್ 14ರಂದು ನಮ್ಮನ್ನು ಅಗಲಿದ ಅಜ್ಜಿ. ಹುಲಿಕಲ್‌ನಿಂದ ಕುದೂರಿಗೆ ಹೋಗೋ ದಾರಿಯಲ್ಲಿ ಸುಮಾರು 4 ಕಿಲೋಮೀಟರ್ ಉದ್ದಕ್ಕೆ 385 ಆಲದ ಮರ ಬೆಳೆಸಿದವರು ಅಂತ ಎಲ್ಲರಿಗೂ ಗೊತ್ತು. ಗಮನಿಸಬೇಕಾದ್ದು ಅವರು ಅದನ್ನು ಮಾಡಿದ ರೀತಿ. ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಮೊದಲ ವರ್ಷ ನೆಟ್ಟಿದ್ದು ಬರೀ 10 ಗಿಡ. ಮುಂದಿನ ವರ್ಷ 15. ಆಮೇಲೆ 20. ಮಳೆಗಾಲಕ್ಕೆ ಹೊಂದಿಸಿ ನೆಡೋದು, ಬಿಸಿಲು ಬಂದಾಗ ಕೊಡದಲ್ಲಿ ನೀರು ಹೊತ್ತುಕೊಂಡು ಕಿಲೋಮೀಟರ್‌ಗಟ್ಟಲೆ ನಡೆದು ಹಾಕೋದು, ಸುತ್ತ ಮುಳ್ಳಿನ ಬೇಲಿ ಕಟ್ಟೋದು. ಇಬ್ಬರೂ ಕೂಲಿ ಮಾಡಿ ಬದುಕುತ್ತಿದ್ದವರು.

10, 15, 20. ಈ ಸಂಖ್ಯೆಗಳಲ್ಲೇ ಒಂದು ಬುದ್ಧಿವಂತಿಕೆ ಇದೆ. ಎರಡು ಜನ, ಇಷ್ಟು ಕೊಡ, ಇಷ್ಟು ದೂರ ಅಂದಾಗ ಎಷ್ಟು ಗಿಡಕ್ಕೆ ನೀರು ಹಾಕೋಕೆ ಆಗುತ್ತೋ ಅಷ್ಟೇ ಗಿಡ. ಒಂದೇ ದಿನ ಸಾವಿರ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಗಿಡ ನೆಡೋದು ಒಂದು ಬೆಳಗಿನ ಕೆಲಸ. ಸಾಕೋದು ವರ್ಷಾನುಗಟ್ಟಲೆ ಕೂಲಿ. ಆ ಕೂಲಿಯನ್ನು ತಿಮ್ಮಕ್ಕ ದಂಪತಿ ತಮ್ಮ ಮೈಯಿಂದಲೇ ಕೊಟ್ಟರು. ಮರಗಳು ದೊಡ್ಡದಾದ ಮೇಲೆ ಅವುಗಳ ಜವಾಬ್ದಾರಿ ಸರ್ಕಾರದ್ದಾಯಿತು. 2019ರಲ್ಲಿ ಇದೇ ರಸ್ತೆ ಅಗಲ ಮಾಡೋ ಯೋಜನೆ ಬಂದಾಗ ತಿಮ್ಮಕ್ಕನೇ ಮತ್ತೆ ಮುಖ್ಯಮಂತ್ರಿಯನ್ನು ಕೇಳಿಕೊಳ್ಳಬೇಕಾಯಿತು, ನನ್ನ ಮರ ಉಳಿಸಿ ಅಂತ.

ಹಳ್ಳಿಯ ಒಂದು ದಾರಿಗೆ ಒಬ್ಬ ತಿಮ್ಮಕ್ಕ ಸಾಕು. ಒಂದು ಮಹಾನಗರಕ್ಕೆ?

ಲಾಲ್‌ಬಾಗ್ ಅನ್ನೋ ಒಂದೇ ಮನೆ

1908. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅನ್ನೋ ಜರ್ಮನ್ ಸಸ್ಯತಜ್ಞ ಬೆಂಗಳೂರಿಗೆ ಬಂದರು. ಹುಟ್ಟಿದ್ದು ಡ್ರೆಸ್ಡನ್ ಹತ್ತಿರ, ಕೆಲಸ ಕಲಿತಿದ್ದು ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ. 1893ರಿಂದ ಬರೋಡಾ ಮಹಾರಾಜರ ತೋಟಗಳನ್ನು ನೋಡಿಕೊಳ್ಳುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಮೈಸೂರು ಸಂಸ್ಥಾನ ಅವರನ್ನು ಲಾಲ್‌ಬಾಗ್‌ನ ಮೇಲ್ವಿಚಾರಣೆಗೆ ಕರೆಸಿಕೊಂಡಿತು. 1932ರವರೆಗೆ ಆ ಕೆಲಸದಲ್ಲಿದ್ದರು. ನಿವೃತ್ತಿಯ ನಂತರವೂ ಇದೇ ಊರಲ್ಲಿ ಉಳಿದು 1956ರಲ್ಲಿ ಇಲ್ಲೇ ತೀರಿಕೊಂಡರು. ಮಹಾಯುದ್ಧಗಳ ಸಮಯದಲ್ಲಿ ಜರ್ಮನ್ ಅನ್ನೋ ಒಂದೇ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲೂ ಇಟ್ಟಿದ್ದರು.

ಫೆಬ್ರವರಿಯಿಂದ ಮೇವರೆಗೆ ನಿಮ್ಮ ಇನ್‌ಸ್ಟಾ ತುಂಬ ಬೆಂಗಳೂರಿನ ಹೂಬಿಟ್ಟ ಮರಗಳ ರೀಲ್ಸ್ ಬರುತ್ತಲ್ಲ? ಒಂದು ಮರ ಮುಗಿಸಿತು ಅನ್ನೋವಾಗ ಇನ್ನೊಂದು ಶುರು ಮಾಡುತ್ತೆ. ಟಬೂಬಿಯಾ, ಜಕರಂಡಾ, ಗುಲ್‌ಮೊಹರ್, ಹೊಳೆದಾಸವಾಳ, ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ. ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದಾದರೂ ಒಂದು ಬೀದಿ ಹೂವಿನಲ್ಲಿರಬೇಕು ಅಂತ ಮರಗಳನ್ನು ಆರಿಸಿ ನೆಡುವ ಈ ಸರಣಿ ಹೂವಿನ ಯೋಜನೆ ಕ್ರುಂಬಿಗಲ್ ಅವರದು ಅಂತಲೇ ಪ್ರಸಿದ್ಧ. ಅವರ ನಂತರ ಬಂದ ಎಚ್.ಸಿ. ಜವರಾಯ, ಆಮೇಲೆ ಎಂ.ಎಚ್. ಮರಿಗೌಡ ಈ ಕೆಲಸವನ್ನು ಮುಂದುವರಿಸಿದರು.

ಇಲ್ಲಿ ಹೂವಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಆಗ ಮರದ ಕೆಲಸಕ್ಕೆ ಒಂದು ಮನೆ ಅಂತ ಇತ್ತು. ಸಸಿ ಬೆಳೆಸುವ ನರ್ಸರಿ, ಯಾವ ಬೀದಿಗೆ ಯಾವ ಮರ ಅಂತ ತೀರ್ಮಾನಿಸುವ ತಜ್ಞ, ಮಡಿ ಮಾಡಿ ನೀರು ಹಾಕುವ ಮಾಲಿಗಳು, ಎಲ್ಲವೂ ಲಾಲ್‌ಬಾಗ್ ಅನ್ನೋ ಒಂದೇ ವ್ಯವಸ್ಥೆಯ ಕೈಯಳತೆಯಲ್ಲಿದ್ದವು. ದುಡ್ಡು ಸಂಸ್ಥಾನದ ಖಜಾನೆಯದು. ಮೇಲೆ ನೋಡುವ ಕಣ್ಣೂ ಇತ್ತು: 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ತಾವೇ ಊರು ಸುತ್ತಿ ರಸ್ತೆ, ತೋಟ, ಕಸ ಎಲ್ಲವನ್ನೂ ನೋಡುತ್ತಿದ್ದರು.

ಹಾಗಂತ ಹಳೇ ಕಾಲ ಚಿನ್ನ, ಈಗಿನದು ಮಣ್ಣು ಅಂತ ಹೇಳೋಕೆ ನಾನು ಬಂದಿಲ್ಲ. ಆ ವ್ಯವಸ್ಥೆಯಲ್ಲಿ ಎರಡು ದೊಡ್ಡ ತೂತುಗಳಿದ್ದವು.

ಮೊದಲನೆಯದು, ನೆರಳು ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ದಂಡು ಪ್ರದೇಶದ ಅಗಲವಾದ ರಸ್ತೆಗಳು, ಪ್ಲೇಗ್ ಬಂದ ಕಾಲದಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಸಾಲುಮರ ಪಡೆದವು. ಸಂಪಿಗೆ ರಸ್ತೆ ಅನ್ನೋ ಹೆಸರು, ಬೇವಿನ ಹೆಸರು ಹೊತ್ತ ಮಾರ್ಗೋಸಾ ರಸ್ತೆ ಈಗಲೂ ಅದನ್ನು ನೆನಪಿಸುತ್ತವೆ. ಆದರೆ ಊರಿನ ಹಳೆಯ ಹೊಟ್ಟೆ ಅಂದ್ರೆ ಪೇಟೆ. ಚಿಕ್ಕಪೇಟೆ, ಬಳೇಪೇಟೆಯ ಓಣಿಗಳಲ್ಲಿ ನಡೆದು ನೋಡಿ. ಮರ ಹುಡುಕಬೇಕು.

ಎರಡನೆಯದು, ಆ ವ್ಯವಸ್ಥೆ ನಿಂತಿದ್ದು ಮೇಲಿರುವವರ ಆಸಕ್ತಿಯ ಮೇಲೆ. ರಾಜರಿಗೆ, ದಿವಾನರಿಗೆ, ಮೇಲ್ವಿಚಾರಕರಿಗೆ ಮರ ಬೇಕಿತ್ತು, ಹಾಗಾಗಿ ದುಡ್ಡು ಬಂತು. ನಾಳೆ ಬೇಡ ಅಂದ್ರೆ ಕೇಳೋ ಹಕ್ಕು ಬೀದಿಯಲ್ಲಿ ನಡೆಯೋ ಮನುಷ್ಯನಿಗೆ ಇರಲಿಲ್ಲ.

15 ಲಕ್ಷ ಗಿಡ ಮತ್ತು ಒಬ್ಬ ಅರಣ್ಯಾಧಿಕಾರಿ

1949ರಲ್ಲಿ ಸಿಟಿ ಮತ್ತು ದಂಡು ಎರಡೂ ಸೇರಿ ಬೆಂಗಳೂರು ಕಾರ್ಪೊರೇಷನ್ ಆಯಿತು. ಊರಿಗೆ ಕಾರ್ಖಾನೆಗಳು ಬಂದವು, ಬಡಾವಣೆಗಳು ಬಂದವು. 1970ರ ದಶಕ ಮುಗಿಯುವ ಹೊತ್ತಿಗೆ ಹೊಸ ಬಡಾವಣೆಗಳು ಬೋಳಾಗಿ ಕಾಣುತ್ತಿದ್ದವು.

1980ರ ದಶಕದ ಮೊದಲ ವರ್ಷಗಳಲ್ಲಿ, ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ, ನಗರದಲ್ಲಿ ಮರ ಬೆಳೆಸುವ ಕೆಲಸ ಅರಣ್ಯ ಇಲಾಖೆಗೆ ಬಂತು. ಅದರ ನೇತೃತ್ವ ಎಸ್.ಜಿ. ನೇಗಿನಹಾಳ ಅವರದು. ಕಾಡಿನಲ್ಲಿ ಕೆಲಸ ಮಾಡಿ ಅಭ್ಯಾಸವಿದ್ದ ಅಧಿಕಾರಿಗೆ ನಗರ ಅಂದ್ರೆ ಬೇರೆಯದೇ ಕಾಡು: ದನ, ಸೈಕಲ್ಲು, ಚರಂಡಿ, ಕರೆಂಟ್ ಕಂಬ, ಅಂಗಡಿ ಬೋರ್ಡು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಅವರ ತಂಡ ನೆಟ್ಟ ಗಿಡಗಳ ಸಂಖ್ಯೆ 15 ಲಕ್ಷ.

ಅವರ ಕೆಲಸ ಉಳಿದದ್ದಕ್ಕೆ ಕಾರಣ ಸಂಖ್ಯೆಯಲ್ಲ, ವಿಧಾನ. ಮೊಣಕಾಲುದ್ದದ ಸಸಿ ತಂದು ನೆಟ್ಟು ದೇವರ ಮೇಲೆ ಭಾರ ಹಾಕಲಿಲ್ಲ. ಚೆನ್ನಾಗಿ ಎತ್ತರ ಬೆಳೆದ ಸಸಿಗಳನ್ನು ನೆಟ್ಟರು, ಸುತ್ತ ಕಾಪು ಕಟ್ಟಿಸಿದರು. ಇನ್ನೂ ಒಂದು ಕೆಲಸ ಮಾಡಿದರು: ನಿಮ್ಮ ಮನೆ ಮುಂದೆ ಯಾವ ಮರ ಬೇಕು ಅಂತ ಜನರನ್ನೇ ಕೇಳಿದರು. ನಾನೇ ಆರಿಸಿದ ಹೊಂಗೆ ಗಿಡ ಒಣಗುತ್ತಿದ್ದರೆ ಒಂದು ಬಕೆಟ್ ನೀರು ಹಾಕದೆ ಇರೋಕೆ ಮನಸ್ಸು ಬರಲ್ಲ. ಅಂದ್ರೆ ಇಲಾಖೆ ದುಡ್ಡು ಮುಗಿದ ಮೇಲೂ ನೀರು ಹಾಕುವ ಕೈಗಳನ್ನು ಅವರು ಮೊದಲೇ ಹುಡುಕಿಟ್ಟಿದ್ದರು. ನೇಗಿನಹಾಳ 2021ರಲ್ಲಿ ತೀರಿಕೊಂಡರು. ಇವತ್ತು ಹಳೆಯ ಬಡಾವಣೆಗಳಲ್ಲಿ ಮಧ್ಯಾಹ್ನ ನೆರಳಲ್ಲಿ ನಡೆಯೋರ ತಲೆ ಮೇಲೆ ಅವರ ಕಾಲದ ಮರಗಳು ಎಷ್ಟೋ ಇವೆ.

ಆ ನೆರಳಿಗೆ ಅಳತೆಯೂ ಇದೆ. ಸಂಶೋಧಕಿ ಹರಿಣಿ ನಾಗೇಂದ್ರ ಅವರ ತಂಡ ಬೆಂಗಳೂರಿನ ಮರವಿರುವ ಮತ್ತು ಮರವಿಲ್ಲದ ರಸ್ತೆಗಳನ್ನು ಹೋಲಿಸಿ ನೋಡಿತು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮಧ್ಯಾಹ್ನದ ಹೊತ್ತು ಮರವಿರುವ ಕಡೆ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆ. ರಸ್ತೆಯ ಮೇಲ್ಮೈಯಂತೂ 27.5 ಡಿಗ್ರಿವರೆಗೆ ತಂಪು. ತಳ್ಳುಗಾಡಿಯವರು, ಪೌರಕಾರ್ಮಿಕರು, ಆರ್ಡರ್ ಕಾಯುತ್ತ ಬೈಕ್ ಮೇಲೆ ಕೂರುವ ಡೆಲಿವರಿ ಹುಡುಗರು, ಇವರಿಗೆ ಈ 27 ಡಿಗ್ರಿ ಅಂದ್ರೆ ಏನು ಅಂತ ವಿವರಿಸೋ ಅಗತ್ಯ ಇಲ್ಲ.

ಒಂದು ಮರ, ಐದು ಆಫೀಸು

ಈಗ ಕಾನೂನಿಗೆ ಬರೋಣ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ. ನಿಮ್ಮ ಸ್ವಂತ ಸೈಟಿನ ಮರ ಕಡಿಯೋಕೂ ವೃಕ್ಷಾಧಿಕಾರಿಯ ಅನುಮತಿ ಬೇಕು ಅನ್ನೋದು ಈ ಕಾಯ್ದೆಯಿಂದಲೇ. ಆಮೇಲಿನ ತಿದ್ದುಪಡಿಯಿಂದ ಸಾರ್ವಜನಿಕ ಯೋಜನೆಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಜನರ ಆಕ್ಷೇಪಣೆ ಕೇಳಬೇಕು ಅಂತಲೂ ಆಯ್ತು. ಒಳ್ಳೆಯ ಕಾನೂನು. ಆದರೆ ಅದರ ಕಣ್ಣು ಹೆಚ್ಚಾಗಿ ಇರೋದು ಕೊಡಲಿಯ ಮೇಲೆ. ಮರ ಸಾಯೋ ದಿನ ಅದು ಎದ್ದು ನಿಲ್ಲುತ್ತೆ. ಬದುಕಿರೋ 60 ವರ್ಷ ಅದನ್ನು ಯಾರು, ಯಾವ ದುಡ್ಡಲ್ಲಿ ನೋಡಿಕೊಳ್ಳಬೇಕು ಅನ್ನೋದಕ್ಕೆ ಅಷ್ಟು ಗಟ್ಟಿಯಾದ ಉತ್ತರ ಅದರಲ್ಲಿಲ್ಲ. ಮರಗಳ ಗಣತಿ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ಆದರೂ ಬೆಂಗಳೂರಿನಲ್ಲಿ ಗಣತಿ ಮಾಡಿ ಅಂತ ಹೈಕೋರ್ಟ್ ಹೇಳಬೇಕಾಯಿತು. ಎಷ್ಟು ಮರ ಇದೆ ಅಂತಲೇ ಗೊತ್ತಿಲ್ಲದೆ ಎಷ್ಟು ದುಡ್ಡು ಬೇಕು ಅಂತ ಹೇಗೆ ಲೆಕ್ಕ ಹಾಕ್ತೀರಾ?

ಈಗ ನಿಮ್ಮ ಬೀದಿಯ ಒಂದು ಮರವನ್ನು ಕಲ್ಪಿಸಿಕೊಳ್ಳಿ. ಮರ ಕಡಿಯೋ ಅನುಮತಿ, ಬಿದ್ದ ಕೊಂಬೆ ತೆಗೆಯೋದು ಪಾಲಿಕೆಯ ಅರಣ್ಯ ವಿಭಾಗ. ಪಾರ್ಕಿನ ಗಿಡ ತೋಟಗಾರಿಕೆ ವಿಭಾಗ. ಮರ ನಿಂತಿರುವ ಫುಟ್‌ಪಾತ್ ಎಂಜಿನಿಯರ್‌ಗಳದು. ಕೊಂಬೆ ತಗುಲುವ ತಂತಿ ಬೆಸ್ಕಾಂನದು. ಬೇರಿನ ಪಕ್ಕ ಹೋಗುವ ಪೈಪು ಜಲಮಂಡಳಿಯದು. ಐದೂ ಕಡೆಯವರು ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು ಅಂತ ಇಟ್ಟುಕೊಳ್ಳಿ. ಮರದ ಗತಿ ಏನಾಗುತ್ತೆ ನೋಡೋಣ.

ತಂತಿಗೆ ತಗುಲಬಾರದು ಅಂತ ರಸ್ತೆ ಕಡೆಯ ಕೊಂಬೆಗಳನ್ನು ಕತ್ತರಿಸುತ್ತಾರೆ. ಮರದ ಭಾರ ಮನೆ ಕಡೆಗೆ ವಾಲುತ್ತೆ. ಚರಂಡಿ ತೋಡುವಾಗ ಒಂದು ಬದಿಯ ಬೇರು ಹೋಗುತ್ತೆ. ಫುಟ್‌ಪಾತ್ ಹೊಸದು ಮಾಡುವಾಗ ಬುಡದವರೆಗೆ ಕಾಂಕ್ರೀಟ್ ಸುರಿಯುತ್ತಾರೆ, ಬೇರಿಗೆ ಗಾಳಿ ನೀರು ಎರಡೂ ನಿಲ್ಲುತ್ತೆ. ಏಪ್ರಿಲ್ ಕೊನೆಯಲ್ಲೋ ಮೇನಲ್ಲೋ ಮುಂಗಾರುಪೂರ್ವ ಮಳೆ ಗಾಳಿಯ ಜೊತೆ ಬರುತ್ತೆ. ಎಲೆಗಳೆಲ್ಲ ನೀರು ಹಿಡಿದು ತೂಕ ಹೆಚ್ಚಾಗುತ್ತೆ. ಗುಲ್‌ಮೊಹರ್‌ನಂಥ ಮೆತ್ತನೆ ಕಟ್ಟಿಗೆಯ ಮರವಾದರೆ ಕೊಂಬೆ ಮುರಿಯುತ್ತೆ, ಬೇರು ಸತ್ತ ದೊಡ್ಡ ಮರವಾದರೆ ಬುಡಸಮೇತ ಮಗುಚುತ್ತೆ. ಕೆಳಗೆ ಒಂದು ಆಟೋ ಇರುತ್ತೆ, ಇಲ್ಲವೇ ಸ್ಕೂಟರ್ ಮೇಲೆ ಯಾರೋ ಇರುತ್ತಾರೆ.

ಮರುದಿನದ ಸುದ್ದಿ: ಗಾಳಿಮಳೆಗೆ ಮರ ಬಿದ್ದು ಸಾವು. ಪರಿಹಾರ ಘೋಷಣೆ. ಬೀದಿಯವರು ಹೆದರಿ ಮಿಕ್ಕ ಮರಗಳನ್ನೂ ಕಡಿಸಿ ಅಂತ ಅರ್ಜಿ ಕೊಡುತ್ತಾರೆ. ಆ ಹೆದರಿಕೆ ತಪ್ಪು ಅಂತ ಹೇಳೋಕೆ ಆಗಲ್ಲ. ಆದರೆ ಬೀಳಿಸಿದ್ದು ಬರೀ ಗಾಳಿಯಲ್ಲ. ಹತ್ತು ವರ್ಷಗಳ ಕೆಲಸ ಇದ್ದು, ಅದನ್ನು ಒಟ್ಟಾಗಿ ನೋಡುವ ಒಬ್ಬ ಮನುಷ್ಯ ಇಲ್ಲದ್ದು.

ದೆಹಲಿಯಲ್ಲಿ ಇದೇ ಕಾಂಕ್ರೀಟ್ ಸಮಸ್ಯೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿತ್ತು. 2013ರಲ್ಲಿ ಮಂಡಳಿ, ಮರದ ಬುಡದ ಸುತ್ತ 1 ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಿರಿ ಅಂತ ಅಲ್ಲಿನ ಆಡಳಿತಗಳಿಗೆ ಆದೇಶ ಕೊಟ್ಟಿತು. ಒಂದು ಮೀಟರ್ ಮಣ್ಣು. ಅಷ್ಟಕ್ಕೆ ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು.

ಒಂದೇ ವರ್ಷ, ಎರಡು ಊರು

2016. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಸ್ಟೀಲ್ ಫ್ಲೈಓವರ್ ಕಟ್ಟುವ ಯೋಜನೆ. 812 ಮರ ಹೋಗುತ್ತವೆ ಅಂತ ಗೊತ್ತಾಯಿತು. ಅಕ್ಟೋಬರ್ 16ರಂದು, ಭಾನುವಾರ, ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈಕೈ ಹಿಡಿದು ಮಾನವ ಸರಪಳಿ ಮಾಡಿದರು. ಬೇಡ ಅಂದ್ರೆ ಬೇಡ ಅಂತ ಹಟ ಹಿಡಿದರು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ಬೆಂಗಳೂರಿನ ಇತ್ತೀಚಿನ ಇತಿಹಾಸದಲ್ಲಿ ಜನ ಗೆದ್ದ ದೊಡ್ಡ ಹೋರಾಟಗಳಲ್ಲಿ ಇದೂ ಒಂದು.

ಆ ಭಾನುವಾರ ಕಳೆದು ಸುಮಾರು ಮೂರು ವಾರಕ್ಕೆ, ಬೆಂಗಳೂರಿನ ಸಿಸ್ಟರ್ ಸಿಟಿ ಅಂತ ಒಪ್ಪಂದ ಮಾಡಿಕೊಂಡಿರುವ ಸ್ಯಾನ್‌ಫ್ರಾನ್ಸಿಸ್ಕೋದಲ್ಲೂ ಜನ ಬೀದಿ ಮರಗಳ ವಿಷಯ ತೀರ್ಮಾನಿಸಿದರು. ಆದರೆ ಅವರ ಮುಂದಿದ್ದ ಪ್ರಶ್ನೆ ಬೇರೆ.

ಅಲ್ಲಿನ ಕಥೆ ಹೀಗೆ. ಆ ಊರಿನಲ್ಲಿ ಬಹುಪಾಲು ಬೀದಿ ಮರಗಳ ಹೊಣೆ ಮರದ ಹಿಂದಿನ ಮನೆ ಮಾಲೀಕರದ್ದೇ ಆಗಿತ್ತು. ಮಿಕ್ಕವನ್ನು ನಗರಾಡಳಿತ ನೋಡಿಕೊಳ್ಳುತ್ತಿತ್ತು. ಬಜೆಟ್ ಕುಸಿದಾಗ, 2011ರ ಸುಮಾರಿಗೆ, ಆಡಳಿತ ತನ್ನ ಪಾಲಿನ ಮರಗಳನ್ನೂ ಸಾವಿರಗಟ್ಟಲೆ ಲೆಕ್ಕದಲ್ಲಿ ಮನೆಯವರಿಗೆ ವರ್ಗಾಯಿಸಲು ಶುರು ಮಾಡಿತು. ಇನ್ನು ಮುಂದೆ ಈ ಮರ ನಿಮ್ಮದು, ಸವರಿಸೋದು ನಿಮ್ಮ ಖರ್ಚು, ಬೇರು ಎದ್ದು ಫುಟ್‌ಪಾತ್ ಒಡೆದರೆ ರಿಪೇರಿ ನಿಮ್ಮದು, ಯಾರಾದರೂ ಎಡವಿ ಬಿದ್ದರೆ ಕೇಸೂ ನಿಮ್ಮ ಮೇಲೆ. ಮರ ನೆಟ್ಟವರು ಒಬ್ಬರು, ಬಿಲ್ ಬಂದದ್ದು ಇನ್ನೊಬ್ಬರಿಗೆ. ಕೈಯಲ್ಲಿ ಕಾಸಿದ್ದವರು ಕೆಲಸದವರನ್ನು ಕರೆಸಿದರು. ಇಲ್ಲದವರು ಹಾಗೇ ಬಿಟ್ಟರು, ಇಲ್ಲವೇ ಸಿಕ್ಕಾಪಟ್ಟೆ ಕತ್ತರಿಸಿದರು. ಮನೆ ಮುಂದೆ ಮರ ಇರೋದೇ ಶಿಕ್ಷೆ ಅನ್ನೋ ಹಾಗಾಯಿತು.

2016ರ ನವೆಂಬರ್ 8ರಂದು, ಅಧ್ಯಕ್ಷೀಯ ಚುನಾವಣೆಯ ಅದೇ ಮತಪತ್ರದಲ್ಲಿ, ಪ್ರೊಪೊಸಿಷನ್ ಇ ಅಂತ ಒಂದು ಪ್ರಶ್ನೆ ಇತ್ತು. ಬೀದಿ ಮರಗಳೆಲ್ಲದರ ಹೊಣೆಯನ್ನು ನಗರಾಡಳಿತ ವಾಪಸ್ ತೆಗೆದುಕೊಳ್ಳಬೇಕಾ? ಅದಕ್ಕಾಗಿ ನಗರದ ಸಾಮಾನ್ಯ ನಿಧಿಯಿಂದ ಪ್ರತಿವರ್ಷ 1.9 ಕೋಟಿ ಡಾಲರ್ ಬೇರೆಯಾಗಿ ಎತ್ತಿಡಬೇಕಾ? ಹೊಸ ತೆರಿಗೆ ಇಲ್ಲ, ಇರುವ ದುಡ್ಡಿನಲ್ಲೇ ಮರದ ಪಾಲು ಮೊದಲು ತೆಗೆದಿಡೋದು. ಐವರಲ್ಲಿ ಸುಮಾರು ನಾಲ್ವರು ಹೌದು ಅಂದರು. 2017ರ ಜುಲೈ 1ರಿಂದ ಅದು ಜಾರಿಗೆ ಬಂತು. ಅದೇ ಸಮಯದಲ್ಲಿ ಗಣತಿಯನ್ನೂ ಮಾಡಿದರು: ಹತ್ತಿರಹತ್ತಿರ 1.25 ಲಕ್ಷ ಬೀದಿ ಮರ.

ಭಾಗಿಸಿ ನೋಡಿ. ಒಂದು ಮರಕ್ಕೆ ವರ್ಷಕ್ಕೆ ಸುಮಾರು 150 ಡಾಲರ್, ಆಗಿನ ವಿನಿಮಯದಲ್ಲಿ ಸುಮಾರು 10 ಸಾವಿರ ರೂಪಾಯಿ. ಅಲ್ಲಿನ ಕೂಲಿ ದರ ಬೇರೆ, ನಮ್ಮದು ಬೇರೆ, ಆ ಮೊತ್ತ ಇಲ್ಲಿಗೆ ಒಪ್ಪಲ್ಲ. ಆದರೆ ಒಂದು ಊರು ತನ್ನ ಒಂದು ಮರಕ್ಕೆ ಇಷ್ಟು ದುಡ್ಡು ಅಂತ ಹೇಳಬಲ್ಲ ಸ್ಥಿತಿಗೆ ಬಂತು, ಅದು ಮುಖ್ಯ.

ಅದೂ ರಾಮರಾಜ್ಯವೇನಲ್ಲ. ಆ ನಿಧಿ ಇರೋದು ನಿರ್ವಹಣೆಗೆ, ಹೊಸ ಗಿಡ ನೆಡೋದಕ್ಕಲ್ಲ. ಹಾಗಾಗಿ ಹೊಸ ಮರ ಸಾಕಷ್ಟು ಬರುತ್ತಿಲ್ಲ ಅನ್ನೋ ದೂರು ಅಲ್ಲಿ ಕೇಳಿಬಂತು. ನಮ್ಮಲ್ಲಿ ನೆಡೋ ಹಬ್ಬ ಉಂಟು, ಸಾಕೋ ದುಡ್ಡು ನಿಂತಿಲ್ಲ. ಅವರಲ್ಲಿ ಸಾಕೋ ದುಡ್ಡು ನಿಂತಿತು, ನೆಡೋದಕ್ಕೆ ಪರದಾಟ.

ಈ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟರೆ ನನಗೆ ಕಾಣೋದು ಇಷ್ಟು. ಬೆಂಗಳೂರಿನ ಜನಕ್ಕೆ ಮರದ ಮೇಲೆ ಪ್ರೀತಿ ಕಡಿಮೆ ಇಲ್ಲ. 812 ಮರಕ್ಕಾಗಿ ಭಾನುವಾರದ ನಿದ್ದೆ ಬಿಟ್ಟು ಬಂದು ನಿಂತವರು ನಾವು. ಆದರೆ ನಮ್ಮ ಪ್ರೀತಿ ಎಚ್ಚರಾಗೋದು ಗರಗಸದ ಸದ್ದಿಗೆ. ಕಾಂಕ್ರೀಟ್ ಕೊರಳಪಟ್ಟಿಯಲ್ಲಿ ಹತ್ತು ವರ್ಷ ಉಸಿರುಕಟ್ಟಿ ಸಾಯುವ ಮರಕ್ಕೆ ಸದ್ದೇ ಇಲ್ಲ. ಅದಕ್ಕಾಗಿ ಯಾರೂ ಸರಪಳಿ ಮಾಡಲ್ಲ.

ಎಲ್ಲವೂ ಒಟ್ಟಿಗೆ ವಯಸ್ಸಾದಾಗ

ಇದನ್ನು ಈಗಲೇ ಯಾಕೆ ಮಾತಾಡಬೇಕು? ವಯಸ್ಸಿನ ಕಾರಣಕ್ಕೆ. 1980ರ ದಶಕದಲ್ಲಿ ನೆಟ್ಟ ಗಿಡಗಳಿಗೆ ಈಗ 40 ದಾಟಿದೆ. ಕೆಲವೇ ವರ್ಷಗಳ ಅಂತರದಲ್ಲಿ ನೆಟ್ಟ ಲಕ್ಷಾಂತರ ಮರಗಳು ಕೆಲವೇ ವರ್ಷಗಳ ಅಂತರದಲ್ಲಿ ಮುದಿಯಾಗುತ್ತವೆ. ಬೇವು, ಹೊಂಗೆ ಇನ್ನೂ ಗಟ್ಟಿಯಾಗಿ ನಿಲ್ಲಬಹುದು. ಬೇಗ ಬೆಳೆದು ಬೇಗ ಸೊರಗುವ ಜಾತಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಯಾವುದನ್ನು ಸವರಿದರೆ ಸಾಕು, ಯಾವುದರ ಬುಡ ಬಿಡಿಸಬೇಕು, ಯಾವುದನ್ನು ಜನರ ಪ್ರಾಣದ ದೃಷ್ಟಿಯಿಂದ ತೆಗೆದು ಅದೇ ಜಾಗದಲ್ಲಿ ಇನ್ನೊಂದು ನೆಡಬೇಕು ಅಂತ ತಿಳಿದವರು ನೋಡಿ ಹೇಳಬೇಕು. ಅದಕ್ಕೆ ತರಬೇತಾದ ಜನ ಬೇಕು, ಏಣಿ, ಲಿಫ್ಟ್ ಇರೋ ಗಾಡಿ, ಗರಗಸ ಬೇಕು, ಅದಕ್ಕಿಂತ ಹೆಚ್ಚಾಗಿ ಪ್ರತಿವರ್ಷ ತಪ್ಪದೆ ಬರುವ ದುಡ್ಡು ಬೇಕು. ಒಂದು ವರ್ಷ ಟೆಂಡರ್, ಮುಂದಿನ ವರ್ಷ ಇಲ್ಲ ಅಂದ್ರೆ ಮರದ ವೈದ್ಯ ನಡೆಯಲ್ಲ.

ಇದೇ ಹೊತ್ತಿಗೆ ಕೇಳುವ ಜಾಗವೂ ಅಲುಗಾಡಿದೆ. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಹೊಸ ಮನೆ ಕಟ್ಟುವಾಗ ಅಡಿಪಾಯದಲ್ಲೇ ಹಾಕಬೇಕಾದ್ದನ್ನು ಹಾಕಿಬಿಡಬೇಕು. ಐದು ಪಾಲಿಕೆ ಅಂದ್ರೆ ಐದು ಬಜೆಟ್. ಐದರಲ್ಲೂ ಬೀದಿ ಮರದ ನಿರ್ವಹಣೆ ಅಂತ ಪ್ರತ್ಯೇಕ ಸಾಲು ಇರುತ್ತಾ, ಇಲ್ಲಾ ರಸ್ತೆ, ಉದ್ಯಾನ, ಇತರೆ ಅನ್ನೋದರೊಳಗೆ ಮುಚ್ಚಿಹೋಗುತ್ತಾ?

ನೀವು ಮಾಡಬಹುದಾದ್ದು ಏನು ಅಂತ ಕೇಳಿದರೆ, ಮೂರು ಪ್ರಶ್ನೆ ಕೇಳಿ. ನಿಮ್ಮ ವಾರ್ಡಿನಲ್ಲಿ ಎಷ್ಟು ಬೀದಿ ಮರ ಇದೆ? ಅವುಗಳ ನಿರ್ವಹಣೆಗೆ ಈ ವರ್ಷದ ಬಜೆಟ್‌ನಲ್ಲಿ ಎಷ್ಟು ದುಡ್ಡು ಇಟ್ಟಿದ್ದಾರೆ? ನಿಮ್ಮ ಬೀದಿಯ ಮರಕ್ಕೆ ಉತ್ತರ ಹೇಳಬೇಕಾದ ಅಧಿಕಾರಿ ಯಾರು? ಬಜೆಟ್ ಪುಸ್ತಕ ಗುಟ್ಟಿನದ್ದಲ್ಲ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಓಟು ಕೇಳೋಕೆ ಮನೆ ಬಾಗಿಲಿಗೆ ಬಂದವರನ್ನು ಎಷ್ಟು ಗಿಡ ನೆಡ್ತೀರಿ ಅಂತ ಕೇಳಬೇಡಿ, ಆ ಉತ್ತರ ಅವರ ಬಾಯಲ್ಲೇ ಇರುತ್ತೆ. ಇರುವ ಮರಕ್ಕೆ ವರ್ಷಕ್ಕೆ ಎಷ್ಟು ಇಡ್ತೀರಿ ಅಂತ ಕೇಳಿ.

ಗಾಡಿ ನಿಲ್ಲಿಸೋಕೆ ನೆರಳು ಹುಡುಕುವಾಗ ಒಂದು ಸಲ ಬುಡ ನೋಡಿ. ಸುತ್ತ ಒಂದು ಮೀಟರ್ ಮಣ್ಣು ಇದೆಯಾ, ಕಾಂಕ್ರೀಟಾ? ಕಾಂಕ್ರೀಟಾದರೆ ಫೋಟೋ ತೆಗೆದು, ಬೀದಿಯ ಹೆಸರು ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.